ಹಸುವಿಗೆ ಮೇವು ಹಾಕಿದಿರಿ, ನೀವು ಉಂಡಿರಾ?

(ಮಹಿಳಾ ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಿಂದ ಬಂದಿರುವ ಹಾಲು ಉತ್ಪಾದಕ ತಾಯಂದಿರೇ,

ನಾನು ದನದ ಡಾಕ್ಟರು. ಇವತ್ತು ಮಾತ್ರ ಹಸು ಸಾಕುವವರ ತಲೆನೋವಿನ ಬಗ್ಗೆ ಎರಡು ಮಾತು ಹೇಳುತ್ತೇನೆ.

ಕಳೆದ ವರ್ಷ ಶ್ರಾವಣದ ಒಂದು ಸೋಮವಾರ ಮಳವಳ್ಳಿ ಕಡೆಯ ಹಳ್ಳಿಗೆ ಹಸು ನೋಡಲು ಹೋಗಿದ್ದೆ. ಬೆಳಿಗ್ಗೆ 11 ಗಂಟೆ. ಮನೆಯಾಕೆ ತಲೆಗೆ ಬಟ್ಟೆ ಬಿಗಿದು ಕತ್ತಲೆ ಮೂಲೆಯಲ್ಲಿ ಕೂತಿದ್ದರು. ಒಂದು ಮಗ್ಗುಲು ತಲೆ ಸಿಡಿತ, ವಾಕರಿಕೆ. "ಉಪವಾಸದ ದಿನ ಹಿಂಗೇ ಸಾ" ಎಂದರು. ಹಸುವಿಗೆ ಮೇವು ಹಾಕಿದಿರಾ ಎಂದೆ. "ಕೋಳಿ ಕೂಗೋ ಹೊತ್ಗೇ ಹಾಕ್ದೆ." ನೀವು ಉಂಡದ್ದು? "ನೆನ್ನೆ ರಾತ್ರಿ ಎಂಟಕ್ಕೆ." ಅಂದರೆ 15 ಗಂಟೆ ಬರಿಹೊಟ್ಟೆ! ಡಾಕ್ಟರಿಗೆ ತೋರಿಸಿದಾಗ ಅರೆತಲೆನೋವು, ಅಂದರೆ ಮೈಗ್ರೇನ್ ಎಂದರು.

ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬೆಂಗಳೂರು ಹಾಗೂ ಸುತ್ತಲ ಹಳ್ಳಿಗಳ 2,329 ಜನರನ್ನು ವಿಚಾರಿಸಿ 2015ರಲ್ಲಿ ವರದಿ ಪ್ರಕಟಿಸಿದರು. ಅದರಂತೆ ವರ್ಷದಲ್ಲಿ ನೂರಕ್ಕೆ ಸುಮಾರು 25 ಜನರಿಗೆ ಮೈಗ್ರೇನ್ ಕಾಡುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು.

ಉಪವಾಸವೊಂದೇ ಇದಕ್ಕೆ ಮೂಲವಲ್ಲ. ಆದರೆ ಈ ನೋವಿನ ಸ್ವಭಾವ ಇರುವವರಿಗೆ ಹಸಿವು, ನೀರಡಿಕೆ, ನಿದ್ದೆಗೇಡು, ದಿನದ ಕಾಫಿ ತಪ್ಪುವುದು, ಇವೆಲ್ಲ ನೋವನ್ನು ಎಬ್ಬಿಸುತ್ತವೆ. ಶಿವರಾತ್ರಿಯಲ್ಲಿ ಉಪವಾಸ, ಜಾಗರಣೆ ಎರಡೂ ಸೇರುತ್ತವೆ. ವ್ರತ ಇಲ್ಲದ ದಿನವೂ ಕರೆದು, ಡೇರಿಗೆ ಹಾಕಿ, ಕೊಟ್ಟಿಗೆ ಬಳಿಯುವಷ್ಟರಲ್ಲಿ ಹೊತ್ತು ಏರಿರುತ್ತದೆ.

ಆದ್ದರಿಂದ:

1. ಬೆಳಿಗ್ಗೆ ಕರೆಯುವ ಮೊದಲೇ ನೀರು ಕುಡಿದು, ಒಂದು ಲೋಟ ಅಂಬಲಿ ಅಥವಾ ಎರಡು ಬಾಳೆಹಣ್ಣು ತೆಗೆದುಕೊಳ್ಳಿ.

2. ವ್ರತ ಬಿಡಬೇಕಿಲ್ಲ. ನಿರಾಹಾರದ ಬದಲು ಹಾಲು, ಹಣ್ಣು, ಎಳನೀರು ತೆಗೆದುಕೊಂಡು ಮಾಡಿ. ಸಕ್ಕರೆ ಕಾಯಿಲೆಯವರು, ಬಸುರಿಯರು ಡಾಕ್ಟರನ್ನು ಕೇಳದೆ ಉಪವಾಸ ಮಾಡಬಾರದು.

3. ಅಂಗಡಿ ಮಾತ್ರೆಯನ್ನೇ ನಂಬಬೇಡಿ. ತಿಂಗಳಲ್ಲಿ ಹತ್ತು ಹದಿನೈದು ದಿನ ಮಾತ್ರೆ ನುಂಗುತ್ತಾ ಬಂದರೆ ಅದರಿಂದಲೇ ತಲೆನೋವು ಬರಬಹುದು.

4. ಹಿಂದೆಂದೂ ಕಾಣದಂಥ ನೋವು ಫಕ್ಕನೆ ಬಂದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಜ್ವರದೊಡನೆ ಕತ್ತು ಬಿಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಆ ತಾಯಿ ಈಗಲೂ ಸೋಮವಾರ ಮಾಡುತ್ತಾರೆ, ಹಾಲು ಹಣ್ಣು ತೆಗೆದುಕೊಂಡು. ನೋವು ಪೂರ್ತಿ ಹೋಗಿಲ್ಲ, ಬರುವುದು ಕಡಿಮೆಯಾಗಿದೆ.

ಮೇವು ತಪ್ಪಿದರೆ ಹಸು ಹಾಲು ಇಳಿಸಿ ನಮಗೆ ತಿಳಿಸುತ್ತದೆ. ನೀವು ಹೇಳುವುದೇ ಇಲ್ಲ. ಕರೆದದ್ದನ್ನೆಲ್ಲ ಕ್ಯಾನಿಗೆ ಸುರಿಯಬೇಡಿ, ಒಂದು ಲೋಟ ನಿಮಗೂ ಉಳಿಸಿಕೊಳ್ಳಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.