ಮನೆತನದ ಜಿಡ್ಡು
(ಹಿಂಜವಾಡಿಯಲ್ಲಿ ಕೂಡಿದ ಕನ್ನಡ ಹೋಟೆಲ್ ಮತ್ತು ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ಬೋನಸ್ಸು, ಪಾಳಿಯ ತಕರಾರು ಇವನ್ನೆಲ್ಲ ಬದಿಗಿಟ್ಟು ಇಂದು ರಕ್ತದ ಜಿಡ್ಡಿನ ವಿಷಯ ಮಾತನಾಡುತ್ತೇವೆಂದು ಹೇಳಿದಾಗ ಕೆಲವರು ನಕ್ಕರು. ಅದು ಕುರ್ಚಿಯಲ್ಲಿ ಕುಳಿತು ಹೊಟ್ಟೆ ಬೆಳೆಸಿದವರ ಕಾಯಿಲೆ, ಹದಿನಾಲ್ಕು ಗಂಟೆ ನಿಂತು ದುಡಿಯುವ ನಮಗೆ ಅದರ ಗೊಡವೆ ಏಕೆ ಎಂದು ಅವರ ಮಾತು. ನಾವು ಇಂದು ಹೇಳಬೇಕೆಂದಿರುವುದು ಸರಿಯಾಗಿ ಆ ಮಾತಿಗೇ ಉತ್ತರ.

ನಮ್ಮಲ್ಲಿ ನಡೆಯುವುದು ಹೀಗೆ. ಮೂವತ್ತೆಂಟು, ನಲವತ್ತರ ಪ್ರಾಯದ ಒಬ್ಬ ಕೆಲಸಗಾರ ಎದೆ ಹಿಡಿದುಕೊಂಡು ಕುಸಿಯುತ್ತಾನೆ. ನಾವು ವರ್ಗಣಿ ಎತ್ತಿ ಹೆಣವನ್ನು ಊರಿಗೆ ಕಳುಹಿಸುತ್ತೇವೆ. ಅವನ ತಂದೆಯೂ ಇದೇ ಪ್ರಾಯದಲ್ಲಿ ಹೋದರಂತೆ, ದೊಡ್ಡಪ್ಪನೂ ಹಾಗೆಯೇ ಅಂತೆ ಎಂದು ಯಾರೋ ಹೇಳುತ್ತಾರೆ. ಆ ಮನೆಗೆ ಆಯುಷ್ಯ ಕಡಿಮೆ, ಹಣೆಬರಹ ಎಂದು ಮಾತು ಅಲ್ಲಿಗೇ ಮುಗಿಯುತ್ತದೆ. ಸತ್ತವನ ಖಾಸಾ ತಮ್ಮ ಅದೇ ಭಟ್ಟಿಯ ಮುಂದೆ ದೋಸೆ ಹೊಯ್ಯುತ್ತಾ ನಿಂತಿರುತ್ತಾನೆ. ಅವನ ರಕ್ತವನ್ನು ಯಾರೂ ನೋಡುವುದಿಲ್ಲ.

ಇಂತಹ ಸಾವುಗಳೆಲ್ಲಕ್ಕೂ ಒಂದೇ ಕಾರಣವೆಂದು ನಾವು ಹೇಳುವುದಿಲ್ಲ. ಬೀಡಿ ಉಂಟು, ಸಕ್ಕರೆ ಕಾಯಿಲೆ ಉಂಟು, ರಕ್ತದೊತ್ತಡ ಉಂಟು. ಆದರೆ ಅವುಗಳಲ್ಲಿ ಒಂದು ಪಾಲು ಹುಟ್ಟಿನಿಂದಲೇ ಬರುವ ಕೊಲೆಸ್ಟರಾಲಿನದು. ಅಪ್ಪನಿಂದಲೋ ಅಮ್ಮನಿಂದಲೋ ಒಂದು ಕೆಟ್ಟ ಜೀನು ಬಂದರೆ ಸಾಕು, ಇದು ಬರುತ್ತದೆ. ಗಂಡು, ಹೆಣ್ಣು ಎಂಬ ಭೇದವಿಲ್ಲ. ಒಬ್ಬರಿಗೆ ಇದ್ದರೆ ಅವರ ಪ್ರತಿಯೊಂದು ಮಗುವಿಗೂ ಬರುವ ಸಂಭವ ಎರಡರಲ್ಲಿ ಒಂದು. ಲೋಕದಲ್ಲಿ ಸುಮಾರು 250ರಿಂದ 300 ಜನರಿಗೆ ಒಬ್ಬರಂತೆ ಇದು ಇದೆಯೆಂದು ಲೆಕ್ಕ. ಅವರಲ್ಲಿ ಬಹುಪಾಲು ಜನರಿಗೆ ತಮಗೆ ಇದು ಇದೆಯೆಂಬುದೇ ತಿಳಿಯದು, ಏಕೆಂದರೆ ನೋವಿಲ್ಲ, ಜ್ವರವಿಲ್ಲ, ಕೆಲಸಕ್ಕೆ ಅಡ್ಡಿಯಿಲ್ಲ. ಚಿಕಿತ್ಸೆಯಿಲ್ಲದೆ ಬಿಟ್ಟ ಗಂಡಸರಲ್ಲಿ ಸುಮಾರು ಅರ್ಧದಷ್ಟು ಜನರಿಗೆ 50 ತುಂಬುವುದರೊಳಗೆ ಹೃದಯದ ಕಾಯಿಲೆ ಕಾಣಿಸಿಕೊಳ್ಳುತ್ತದೆ; ಹೆಂಗಸರಲ್ಲಿ ಸುಮಾರು ನೂರಕ್ಕೆ ಮೂವತ್ತು ಜನರಿಗೆ 60ರೊಳಗೆ.

ಒಳಗೆ ಏನು ಕೆಡುತ್ತದೆ ಎಂಬುದನ್ನು ನಮ್ಮ ಹೋಟೆಲಿನ ಲೆಕ್ಕದಲ್ಲಿಯೇ ಹೇಳಬಹುದು. ಹಾಲಿನಲ್ಲಿ ಗಿರಾಕಿಗಳು ತಿಂದೆದ್ದ ತಟ್ಟೆಗಳನ್ನು ಎತ್ತಲು ಹತ್ತು ಹುಡುಗರು ಬೇಕು. ಐದೇ ಜನ ಬಂದರೆ ಏನಾಗುತ್ತದೆ? ತಟ್ಟೆ ಮೇಜಿನ ಮೇಲೆಯೇ ರಾಶಿ ಬೀಳುತ್ತದೆ. ರಕ್ತದಲ್ಲಿ ತಿರುಗುವ ಎಲ್.ಡಿ.ಎಲ್. ಎಂಬ ಕೆಟ್ಟ ಕೊಲೆಸ್ಟರಾಲನ್ನು ಎತ್ತಿ ಒಳಗೆ ಸೆಳೆದುಕೊಳ್ಳಲು ಪಿತ್ತಕೋಶದ, ಎಂದರೆ ಲಿವರಿನ, ಕಣಗಳ ಮೇಲೆ ಕೈಗಳಂತಹ ರಚನೆಗಳಿವೆ. ಈ ರೋಗದವರಲ್ಲಿ ಆ ಕೈಗಳು ಅರ್ಧದಷ್ಟು ಮಾತ್ರ ಕೆಲಸ ಮಾಡುತ್ತವೆ. ತಿಂದರೂ ತಿನ್ನದಿದ್ದರೂ ಜಿಡ್ಡು ರಕ್ತದಲ್ಲಿ ಉಳಿದು, ಹುಟ್ಟಿದ ದಿನದಿಂದಲೇ ರಕ್ತನಾಳದ ಗೋಡೆಗೆ ಹತ್ತುತ್ತಾ ಹೋಗುತ್ತದೆ. ಅಮೆರಿಕೆಯ ಡಲ್ಲಾಸಿನಲ್ಲಿ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಎಂಬ ವೈದ್ಯರಿಬ್ಬರು ಇದನ್ನು ಕಂಡುಹಿಡಿದು 1985ರಲ್ಲಿ ನೊಬೆಲ್ ಬಹುಮಾನ ಪಡೆದರು.

ಆದುದರಿಂದ ಸಣಕಲು ಮೈಯವನಿಗೂ ಇದು ಇರಬಹುದು. ಹುಟ್ಟಿದಂದಿನಿಂದ ಮೊಟ್ಟೆ ಮುಟ್ಟದ ಭಟ್ಟರಿಗೂ ಇರಬಹುದು. ಪಥ್ಯ ಬೇಡವೆಂದಲ್ಲ. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದ ಬಾಣಲೆಯ ವಡೆ, ಬೋಂಡ ಯಾರಿಗೂ ಹಿತವಲ್ಲ. ಬೀಡಿ, ಸಿಗರೇಟು, ಗುಟ್ಕಾ ಇವರ ಪಾಲಿಗೆ ಇಮ್ಮಡಿ ವಿಷ. ಆದರೆ ಪಥ್ಯವೊಂದರಿಂದಲೇ ಈ ಜಿಡ್ಡು ಇಳಿಯುವುದು ಸ್ವಲ್ಪ ಮಾತ್ರ. ಆರು ತಿಂಗಳು ತುಪ್ಪ ಬಿಟ್ಟು ನೋಡುತ್ತೇನೆ, ಆಮೇಲೆ ಮಾತ್ರೆ ಎನ್ನುವವನು ಆರು ತಿಂಗಳನ್ನು ಕಳೆದುಕೊಳ್ಳುತ್ತಾನೆ ಅಷ್ಟೇ.

ಪತ್ತೆ ಮಾಡುವುದು ಕಷ್ಟವಲ್ಲ. ಲಿಪಿಡ್ ಪ್ರೊಫೈಲ್ ಎಂಬ ಒಂದು ರಕ್ತಪರೀಕ್ಷೆ ಸಾಕು; ಮೊದಲ ಸಲಕ್ಕೆ ಉಪವಾಸವೂ ಬೇಕಿಲ್ಲ. ದೊಡ್ಡವರಲ್ಲಿ ಎಲ್.ಡಿ.ಎಲ್. 190 ಅಥವಾ ಅದಕ್ಕೆ ಮೇಲೆ ಇದ್ದು, ಮನೆಯಲ್ಲಿ ಚಿಕ್ಕ ಪ್ರಾಯದ ಹೃದಯಾಘಾತ ಆಗಿದ್ದರೆ ಸಂಶಯ ಪಡಬೇಕು. ಥೈರಾಯ್ಡ್, ಮೂತ್ರಪಿಂಡಗಳ ದೋಷದಿಂದಲೂ ಇದು ಏರುತ್ತದೆ. ಅದನ್ನು ವೈದ್ಯರು ಬೇರೆ ಪರೀಕ್ಷೆಯಿಂದ ತೀರ್ಮಾನಿಸುತ್ತಾರೆ. ಕೆಲವರ ಮೈಮೇಲೆಯೇ ಗುರುತು ಇರುತ್ತದೆ. ಹಿಮ್ಮಡಿಯ ಮೇಲಿನ ದಪ್ಪ ನರ ಗಂಟುಗಟ್ಟಿದಂತೆ ಉಬ್ಬುವುದು, ಕೈಬೆರಳಿನ ಗೆಣ್ಣುಗಳ ಮೇಲೆ ಗಡ್ಡೆ, ರೆಪ್ಪೆಯ ಮೇಲೆ ಹಳದಿ ಮಚ್ಚೆ, ನಲವತ್ತೈದರೊಳಗೇ ಕಣ್ಣಿನ ಕರಿಗುಡ್ಡೆಯ ಸುತ್ತ ಬಿಳಿ ಬಳೆ. ಗುರುತು ಇಲ್ಲದಿದ್ದರೆ ರೋಗವಿಲ್ಲ ಎಂದು ಮಾತ್ರ ತಿಳಿಯಬಾರದು. ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಹೊರಡಿಸಿದ ಸೂಚನೆಯಂತೆ ಎಲ್ಲರೂ 18ನೇ ವಯಸ್ಸಿಗೆ ಈ ಪರೀಕ್ಷೆ ಮಾಡಿಸಬೇಕು. ಮನೆಯಲ್ಲಿ ಈ ರೋಗವಿದ್ದರೆ ಅದಕ್ಕೂ ಮೊದಲೇ.

ಇನ್ನು ಚಿಕಿತ್ಸೆ. ಇದರ ಮುಖ್ಯ ಮದ್ದು ಬಂದುದು ಬೂಷ್ಟಿನಿಂದ ಎಂದರೆ ಆಶ್ಚರ್ಯಪಡುವಿರಿ. ಜಪಾನಿನ ರೈತ ಮನೆತನದ ಅಕಿರಾ ಎಂಡೊ ಎಂಬ ವಿಜ್ಞಾನಿ ಸಾವಿರಾರು ಬಗೆಯ ಬೂಷ್ಟುಗಳನ್ನು ಪರೀಕ್ಷಿಸಿ, 1973ರಲ್ಲಿ ಕೊಲೆಸ್ಟರಾಲ್ ತಯಾರಿಕೆಯನ್ನು ತಡೆಯುವ ಒಂದು ವಸ್ತುವನ್ನು ಪಡೆದರು. 1978ರಲ್ಲಿ ಒಸಾಕಾದ ವೈದ್ಯರು ಅದನ್ನು ಮೊಟ್ಟಮೊದಲು ಕೊಟ್ಟದ್ದು ಇದೇ ಮನೆತನದ ರೋಗವಿದ್ದ ಹದಿನೆಂಟು ವರ್ಷದ ಒಬ್ಬ ಹುಡುಗಿಗೆ. ಇಂದು ಲೋಕವೆಲ್ಲ ನುಂಗುವ ಸ್ಟ್ಯಾಟಿನ್ ಮಾತ್ರೆಗಳ ವಂಶ ಅದರಿಂದ ಬೆಳೆಯಿತು. ಅಟೋರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್ ಎಂಬ ಹೆಸರುಗಳನ್ನು ನಿಮ್ಮಲ್ಲಿ ಹಲವರು ಔಷಧದ ಚೀಟಿಯಲ್ಲಿ ನೋಡಿರಬಹುದು. ಈ ಮಾತ್ರೆ ಪಿತ್ತಕೋಶದೊಳಗಿನ ತಯಾರಿಕೆಯನ್ನು ಕಡಿಮೆ ಮಾಡುತ್ತದೆ. ಒಳಗೆ ಕೊರತೆ ಬಿದ್ದಾಗ ಪಿತ್ತಕೋಶ ತಾನೇ ಹೆಚ್ಚು ಕೈಗಳನ್ನು ಹೊರಗೆ ಚಾಚಿ ರಕ್ತದ ಜಿಡ್ಡನ್ನು ಸೆಳೆದುಕೊಳ್ಳುತ್ತದೆ. ಪೂರ್ಣ ಪ್ರಮಾಣದಲ್ಲಿ ಕೊಟ್ಟರೆ ಎಲ್.ಡಿ.ಎಲ್. ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಲೆಕ್ಕ ಹಾಕಿ ನೋಡೋಣ. ಒಬ್ಬನಿಗೆ 260 ಇದೆ ಎನ್ನಿ. ಸ್ಟ್ಯಾಟಿನಿನಿಂದ 130 ಆಯಿತು. ಹೃದಯದ ಕಾಯಿಲೆ ಇನ್ನೂ ಬಂದಿಲ್ಲದ ಇಂತಹವನಿಗೆ 70ಕ್ಕಿಂತ ಕೆಳಗೆ, ಒಮ್ಮೆ ಆಘಾತವಾದವನಿಗೆ 55ಕ್ಕಿಂತ ಕೆಳಗೆ ತರಬೇಕೆಂದು ಇಂದಿನ ಸೂಚನೆ. ಆಗ ಎಜೆಟಿಮೈಬ್ ಎಂಬ ಎರಡನೆಯ ಮಾತ್ರೆಯನ್ನು ಕೂಡಿಸುತ್ತಾರೆ. ಅದು ಕರುಳಿನಿಂದ ಕೊಲೆಸ್ಟರಾಲ್ ಹೀರುವುದನ್ನು ತಡೆದು ಇನ್ನೊಂದು ಐದನೆಯ ಪಾಲನ್ನು ಇಳಿಸುತ್ತದೆ. 105ರ ಹತ್ತಿರ ಬಂತು. ಗುರಿ ಮುಟ್ಟಲಿಲ್ಲ, ನಿಜ. ಆದರೆ 260 ಎಲ್ಲಿ, 105 ಎಲ್ಲಿ! ಈ ದೂರವನ್ನು ದಾಟಿಸಿದ ಎರಡೂ ಮಾತ್ರೆಗಳಿಗೆ ಇಂದು ಕಂಪನಿಯ ಏಕಸ್ವಾಮ್ಯವಿಲ್ಲ. ಜನೌಷಧಿ ಅಂಗಡಿಯಲ್ಲಿ ದೊಡ್ಡ ಹೆಸರಿಲ್ಲದ ಅದೇ ಮದ್ದನ್ನು ತೆಗೆದುಕೊಂಡರೆ ಸ್ಟ್ಯಾಟಿನಿಗೆ ದಿನಕ್ಕೆ ಕೆಲವೇ ರೂಪಾಯಿ ಬೀಳುತ್ತದೆ.

ಉಳಿದ ದೂರಕ್ಕೆ ಈಗ ಸೂಜಿಮದ್ದು ಬಂದಿದೆ. ನಮ್ಮ ತಟ್ಟೆ ಎತ್ತುವ ಹುಡುಗರ ಲೆಕ್ಕಕ್ಕೇ ಮರಳುವುದಾದರೆ, ಅವರನ್ನು ಕೆಲಸದಿಂದ ಬಿಡಿಸಿ ಮನೆಗೆ ಅಟ್ಟುವ ಒಬ್ಬ ಮೇಸ್ತ್ರಿಯೂ ರಕ್ತದಲ್ಲಿದ್ದಾನೆ. 2003ರಲ್ಲಿ ಫ್ರಾನ್ಸಿನ ಸಂಶೋಧಕರು ಈ ರೋಗದ ಕೆಲವು ಕುಟುಂಬಗಳಲ್ಲಿ ಅವನ ಕೈವಾಡವನ್ನು ಗುರುತಿಸಿದರು. ಅವನ ಹೆಸರು ಪಿ.ಸಿ.ಎಸ್.ಕೆ.9. ಅವನ ಕೈಕಟ್ಟಿದರೆ ಹುಡುಗರು ಹೆಚ್ಚು ಹೊತ್ತು ದುಡಿಯುತ್ತಾರೆ. (ಮೇಸ್ತ್ರಿಗಳು ಕ್ಷಮಿಸಬೇಕು; ಎಲ್ಲರೂ ಅಂಥವರಲ್ಲ.) ಇವೊಲೊಕುಮ್ಯಾಬ್, ಅಲಿರೊಕುಮ್ಯಾಬ್ ಎಂಬ ಸೂಜಿಗಳು 2015ರಲ್ಲಿ ಬಂದವು, ಸಾಮಾನ್ಯವಾಗಿ ಹದಿನೈದು ದಿನಕ್ಕೊಮ್ಮೆ ಚುಚ್ಚಿಕೊಳ್ಳಬೇಕು. ಇನ್‌ಕ್ಲಿಸಿರಾನ್ ಎಂಬುದು ಆ ಮೇಸ್ತ್ರಿ ತಯಾರಾಗುವುದನ್ನೇ ತಡೆಯುತ್ತದೆ. ಆರಂಭದ ಎರಡು ಸೂಜಿಗಳಾದ ಮೇಲೆ ಆರು ತಿಂಗಳಿಗೊಂದು ಸಾಕು. ಉಳಿದುದರಲ್ಲಿ ಇವು ಇನ್ನೂ ಅರ್ಧವನ್ನೋ ಅದಕ್ಕಿಂತ ಹೆಚ್ಚನ್ನೋ ಇಳಿಸುತ್ತವೆ. ಗುಣ ದೊಡ್ಡದು, ಬೆಲೆಯೂ ದೊಡ್ಡದು: ವರ್ಷದ ಖರ್ಚು ಲಕ್ಷದ ಲೆಕ್ಕದ್ದು. ಒಂದು ಮಾತನ್ನು ನಾವು ಒತ್ತಿ ಹೇಳುತ್ತೇವೆ. ಹೊಲ ಅಡವಿಟ್ಟು ಎರಡು ಸೂಜಿ ಹಾಕಿಸಿ, ಮೂರನೆಯದಕ್ಕೆ ಹಣವಿಲ್ಲದೆ ಎಲ್ಲವನ್ನೂ ಬಿಟ್ಟು ಕೂರುವುದಕ್ಕಿಂತ ಎರಡು ಮಾತ್ರೆಗಳನ್ನು ಪೂರ್ಣ ಪ್ರಮಾಣದಲ್ಲಿ, ಒಂದು ದಿನವೂ ತಪ್ಪದೆ, ಹತ್ತು ವರ್ಷ ನುಂಗುವುದು ಬಹಳ ಮೇಲು. ಸೂಜಿ ಬೇಕೇ ಬೇಕೆಂದು ಹೃದ್ರೋಗ ತಜ್ಞರು ಹೇಳಿದರೆ ವಿಮೆ, ಸಹಾಯನಿಧಿಗಳ ಮಾತನ್ನು ಮೊದಲು ಆಡಿ, ಆಮೇಲೆ ಸಾಲದ ಮಾತು.

ಮಾತ್ರೆ ಬಿಡುವುದೇ ನಮ್ಮವರ ದೊಡ್ಡ ರೋಗ. ರಿಪೋರ್ಟು ಸರಿ ಬಂತು, ಇನ್ನೇಕೆ ಎನ್ನುತ್ತಾರೆ. ಮಾತ್ರೆ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಅಂಕಿ ಮತ್ತೆ ಹಳೆಯ ಜಾಗಕ್ಕೆ ಹೋಗಿ ನಿಲ್ಲುತ್ತದೆ, ಏಕೆಂದರೆ ಜೀನು ಬದಲಾಗಿಲ್ಲ. ರಾತ್ರಿ ಪಾಳಿಯ ಗಿರಣಿ ಬಂಧುಗಳು ರಾತ್ರಿಯೇ ನುಂಗಬೇಕಲ್ಲ ಎಂದು ತಪ್ಪಿಸುವುದುಂಟು. ನಾವು ಹೆಸರಿಸಿದ ಎರಡು ಸ್ಟ್ಯಾಟಿನ್‌ಗಳನ್ನು ಹಗಲಾಗಲಿ ರಾತ್ರಿಯಾಗಲಿ, ನಿತ್ಯ ಒಂದೇ ಹೊತ್ತಿಗೆ ತೆಗೆದುಕೊಂಡರಾಯಿತು. ಮಾಂಸಖಂಡಗಳಲ್ಲಿ ವಿಪರೀತ ನೋವು ಬಂದರೆ ವೈದ್ಯರಿಗೆ ಹೇಳಿ. ಪ್ರಮಾಣವನ್ನೋ ಮಾತ್ರೆಯನ್ನೋ ಬದಲಾಯಿಸುತ್ತಾರೆ. ಗರ್ಭಿಣಿಯರು, ಗರ್ಭ ಬಯಸುವ ತಾಯಂದಿರು ಮೊದಲೇ ವೈದ್ಯರನ್ನು ಕೇಳತಕ್ಕದ್ದು. ಆ ಕಾಲದಲ್ಲಿ ಸ್ಟ್ಯಾಟಿನನ್ನು ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ಮಕ್ಕಳಿಗೆ ಇದು ಇದೆಯೆಂದು ಖಚಿತವಾದರೆ ಎಂಟು, ಹತ್ತು ವರ್ಷದಿಂದಲೇ ತಜ್ಞರು ಮಾತ್ರೆ ಆರಂಭಿಸುವುದುಂಟು. ಇದನ್ನು ಕೇಳಿ ತಾಯಂದಿರು ಹೌಹಾರಬಾರದು. ಜಿಡ್ಡು ಹುಟ್ಟಿನಿಂದ ಕಟ್ಟುತ್ತಿರುವಾಗ ನಲವತ್ತರವರೆಗೆ ಕಾಯುವುದು ಯಾವ ನ್ಯಾಯ?

ಈಗ ಹೇಳುವುದು ಕೆಲವರಿಗೆ ಹಿತವಾಗಲಿಕ್ಕಿಲ್ಲ. ನಮ್ಮಲ್ಲಿ ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಇದೆ. ಆಸ್ತಿ ಹೊರಗೆ ಹೋಗದು, ಹುಡುಗಿ ಕಣ್ಣೆದುರಿಗೇ ಇರುತ್ತಾಳೆ ಎಂಬ ಅದರ ಕಾರಣಗಳು ನಮಗೂ ಗೊತ್ತು. ಆದರೆ ಒಂದೇ ಮನೆತನದ ಕೆಟ್ಟ ಜೀನು ಗಂಡನಲ್ಲಿಯೂ ಹೆಂಡತಿಯಲ್ಲಿಯೂ ಇದ್ದರೆ, ಹುಟ್ಟುವ ಪ್ರತಿಯೊಂದು ಮಗುವಿಗೂ ಎರಡು ಕಡೆಯಿಂದಲೂ ಅದು ಬರುವ ಸಂಭವ ನಾಲ್ಕರಲ್ಲಿ ಒಂದು. ಅಂತಹ ಮಗುವಿನ ಎಲ್.ಡಿ.ಎಲ್. 400 ದಾಟಬಹುದು, ಮೊಣಕೈ, ಮೊಣಕಾಲುಗಳ ಮೇಲೆ ಹಳದಿ ಗಂಟುಗಳೇಳುತ್ತವೆ, ಮೀಸೆ ಮೂಡುವ ಮೊದಲೇ ಹೃದಯಾಘಾತವಾದುದುಂಟು. ಕೈಗಳೇ ಇಲ್ಲದ ಕಡೆ ಮಾತ್ರೆ ಏನು ಮಾಡೀತು? ರಕ್ತವನ್ನು ಯಂತ್ರದಲ್ಲಿ ಹಾಯಿಸಿ ಜಿಡ್ಡು ಸೋಸುವುದು, ಬಹು ದುಬಾರಿಯ ಹೊಸ ಮದ್ದುಗಳು, ಕೊನೆಗೆ ಪಿತ್ತಕೋಶವನ್ನೇ ಬದಲಿಸುವುದು, ಇವೇ ದಾರಿಗಳು. 1984ರಲ್ಲಿ ಅಮೆರಿಕೆಯ ಪಿಟ್ಸ್‌ಬರ್ಗಿನಲ್ಲಿ ಸ್ಟಾರ್ಮಿ ಜೋನ್ಸ್ ಎಂಬ ಆರು ವರ್ಷದ ಹುಡುಗಿಗೆ ಹೃದಯ, ಪಿತ್ತಕೋಶ ಎರಡನ್ನೂ ಒಮ್ಮೆಗೇ ಬದಲಿಸಿದರು. ಕೊಲೆಸ್ಟರಾಲ್ ಬಹಳ ಇಳಿಯಿತು. ಮಗು ಶಾಲೆಗೆ ಹೋಯಿತು. 1990ರಲ್ಲಿ ಹದಿಮೂರರ ಪ್ರಾಯದಲ್ಲಿ ತೀರಿಕೊಂಡಿತು. ಸಂಬಂಧದಲ್ಲಿ ಮದುವೆ ಮಾಡಬೇಡಿರೆಂದು ಅಪ್ಪಣೆ ಕೊಡಲು ನಾವು ಯಾರು? ಜಾತಕದ ಜೊತೆಗೆ ಇಬ್ಬರ ಲಿಪಿಡ್ ಪ್ರೊಫೈಲನ್ನೂ ತರಿಸಿ ನೋಡಿ ಎಂದಷ್ಟೇ ನಮ್ಮ ವಿನಂತಿ.

ಇದೆಲ್ಲಕ್ಕೂ ನಮ್ಮ ಬಡ ಪಗಾರದಲ್ಲಿ ದಾರಿ ಎಲ್ಲಿ ಎಂದು ಕೇಳುವಿರಿ. ಇ.ಎಸ್.ಐ. ಏರ್ಪಾಡಿಗೆ ಮೊದಲು ಕಾಯಿದೆಯಾದುದು 1948ರಲ್ಲಿ. ಅದಕ್ಕೆ ಸೇರುವ ತಿಂಗಳ ಪಗಾರದ ಮಿತಿಯನ್ನು 2017ರಲ್ಲಿ 21,000 ರೂಪಾಯಿಗೆ ಏರಿಸಲಾಯಿತು. 2019ರ ಜುಲೈಯಲ್ಲಿ ಕಾರ್ಮಿಕನ ಪಾಲನ್ನು ಪಗಾರದ ನೂರಕ್ಕೆ ಮುಕ್ಕಾಲು ರೂಪಾಯಿಗೆ ಇಳಿಸಲಾಯಿತು. ಮಾಲೀಕನ ಪಾಲು ಮೂರೂಕಾಲು. ಚಿಕಿತ್ಸೆಯ ಹಕ್ಕು ನಿಮಗೊಬ್ಬರಿಗೇ ಅಲ್ಲ. ಹೆಂಡತಿ, ಮಕ್ಕಳು, ನಿಮ್ಮನ್ನೇ ನಂಬಿದ ತಂದೆತಾಯಿ ಇವರಿಗೂ ಉಂಟು. ಮನೆತನದ ರೋಗಕ್ಕೆ ಇದಕ್ಕಿಂತ ತಕ್ಕ ಏರ್ಪಾಡು ಯಾವುದು? ಇಲ್ಲಿಂದ ಹತ್ತಿರವೆಂದರೆ ಚಿಂಚವಡದ ಮೋಹನನಗರದಲ್ಲಿ ಇ.ಎಸ್.ಐ. ಆಸ್ಪತ್ರೆ ಇದೆ. ಕಾರ್ಡು ಇಲ್ಲದವರಿಗೆ ಪಿಂಪ್ರಿಯ ಯಶವಂತರಾವ್ ಚವ್ಹಾಣ್ ಸ್ಮಾರಕ ಆಸ್ಪತ್ರೆ, ಪುಣೆಯ ಸಸೂನ್ ಆಸ್ಪತ್ರೆ ಇವೆ. ಇಲ್ಲಿಯ ಐ.ಟಿ. ಕಂಪನಿಗಳಲ್ಲಿ ಕಂಪ್ಯೂಟರಿನ ಮುಂದೆ ಕೂರುವವರಿಗೆ ವರ್ಷಕ್ಕೊಮ್ಮೆ ರಕ್ತಪರೀಕ್ಷೆಯಾಗುವುದುಂಟು. ಅದೇ ಕಟ್ಟಡದ ಕ್ಯಾಂಟೀನಿನಲ್ಲಿ ಅವರಿಗೆ ಇಡ್ಲಿ ಬಡಿಸುವವನು ಗುತ್ತಿಗೆದಾರನ ಆಳು. ಅವನ ರಕ್ತದ ಲೆಕ್ಕ ಯಾರ ಪುಸ್ತಕದಲ್ಲಿಯೂ ಇಲ್ಲ. ಗುತ್ತಿಗೆದಾರರ ಮುಂದೆ ಈ ಬೇಡಿಕೆಯನ್ನೂ ಸಂಘ ಇಡಬೇಕೆಂಬುದು ನಮ್ಮ ಅಭಿಪ್ರಾಯ.

ಈ ರಾತ್ರಿ ಊರಿಗೆ ಫೋನು ಮಾಡುವಾಗ ಮಳೆ ಬೆಳೆ ವಿಚಾರಿಸಿದ ಮೇಲೆ ಇಷ್ಟು ಕೇಳಿರಿ. ನಮ್ಮಲ್ಲಿ ಐವತ್ತೈದರೊಳಗೆ ಎದೆನೋವಿನಿಂದ ಹೋದ ಗಂಡಸರು ಯಾರು, ಅರವತ್ತೈದರೊಳಗೆ ಹೋದ ಹೆಂಗಸರು ಯಾರು? ತಂದೆಯ ಕಡೆಯೋ ತಾಯಿಯ ಕಡೆಯೋ? ಅವರ ಮಕ್ಕಳು ಈಗ ಎಲ್ಲಿದ್ದಾರೆ? ಆ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿರಿ. ಅರ್ಧ ರೋಗಪರೀಕ್ಷೆ ಅದರಲ್ಲಿಯೇ ಆಗುತ್ತದೆ. ಇ.ಎಸ್.ಐ. ಕಾರ್ಡು ಇನ್ನೂ ಕೈಸೇರದವರು, ಪಗಾರದಲ್ಲಿ ಹಣ ಹಿಡಿದೂ ಕಾರ್ಡು ಕೊಡದ ಮಾಲೀಕರ ಬಳಿ ಇರುವವರು ಸಭೆ ಮುಗಿದೊಡನೆ ಕಾರ್ಯದರ್ಶಿಗಳ ಹತ್ತಿರ ತಮ್ಮ ಹೆಸರು ಬರೆಸತಕ್ಕದ್ದು.