ವಿದ್ಯುಜ್ಜಾಲದ ತೂಗಾಟ ಮತ್ತು ಗಣಕದ ಲೆಕ್ಕ

(ಕೂಟದ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಇಂದಿನ ವಿಷಯವು ಕೇಳುವುದಕ್ಕೆ ತುಸು ಶುಷ್ಕವೆಂದು ತೋರಬಹುದು. ವಿದ್ಯುಚ್ಛಕ್ತಿಯ ಜಾಲವೊಂದು ಪೆಟ್ಟು ತಿಂದ ಕ್ಷಣದಿಂದ ಮತ್ತೆ ನೆಲೆಗೆ ಬರುವವರೆಗೆ, ಇಲ್ಲವೆ ನೆಲೆ ತಪ್ಪಿ ಕುಸಿಯುವವರೆಗೆ, ಅದರೊಳಗೆ ನಡೆಯುವುದನ್ನು ಗಣಕಯಂತ್ರದಲ್ಲಿ ಮೊದಲೇ ಲೆಕ್ಕ ಹಾಕಿ ನೋಡುವ ವಿದ್ಯೆ ಇದು. ಟ್ರಾನ್ಸಿಯಂಟ್ ಎಂಬ ಮಾತಿಗೆ ನಾವು ಇಲ್ಲಿ ಅಸ್ಥಾಯಿ ವರ್ತನೆ ಎಂಬ ಪದವನ್ನು ಬಳಸೋಣ. ಈ ಬೇ ಏರಿಯಾದಲ್ಲಿ ಬಹುಕಾಲದಿಂದ ನೆಲೆಸಿರುವವರಿಗೆ 1996ನೆಯ ಆಗಸ್ಟ್ 10ರ ಶನಿವಾರ ನೆನಪಿರಬಹುದು. ಆ ಮಧ್ಯಾಹ್ನ ಪಶ್ಚಿಮದ ರಾಜ್ಯಗಳಲ್ಲಿ ಸುಮಾರು 75 ಲಕ್ಷ ಗ್ರಾಹಕರಿಗೆ ವಿದ್ಯುತ್ತು ತಪ್ಪಿತು. ಆ ಕತ್ತಲೆಗಿಂತಲೂ, ಅದರ ತರುವಾಯ ನಡೆದ ಪರಿಶೀಲನೆಯಲ್ಲಿ ಹೊರಬಿದ್ದ ಸಂಗತಿಯೊಂದು ನಮ್ಮ ಮುಖ್ಯ ವಿಷಯ.

ಅಸ್ಥಾಯಿ ವರ್ತನೆ ಎಂಬುದು ಒಂದೇ ಬಗೆಯದಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 92 ಮೈಲಿ ದೂರದ ತಂತಿಯನ್ನು ಎಳೆದುದನ್ನು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅಂತಹ ಮಾರ್ಗದ ಮೇಲೆ ಸಿಡಿಲು ಬಡಿದರೆ ತಂತಿಯಲ್ಲಿ ಏಳುವ ಅಲೆಯು ಬೆಳಕಿನ ವೇಗಕ್ಕೆ ಸಮೀಪದ ವೇಗದಲ್ಲಿ ಓಡುತ್ತದೆ. ಅಷ್ಟು ದೂರವನ್ನು ಕ್ರಮಿಸಲು ಅದಕ್ಕೆ ಸೆಕೆಂಡಿನ ಸಾವಿರದ ಒಂದು ಭಾಗದ ಅರ್ಧದಷ್ಟು ಕಾಲ ಸಾಕು. ತೆರೆದ ತುದಿಯನ್ನು ತಲುಪಿದ ಅಲೆ, ಕೆರೆಯ ಏರಿಗೆ ಬಡಿದ ನೀರು ಮೇಲೇಳುವಂತೆ, ಎತ್ತರದಲ್ಲಿ ಇಮ್ಮಡಿಯಾಗಿ ಹಿಂದಿರುಗುತ್ತದೆ. ಪರಿವರ್ತಕಗಳ ನಿರೋಧಕ ಹೊದಿಕೆ ಒಡೆಯುವುದು ಇಂತಹ ವೇಳೆಯಲ್ಲಿಯೇ.

ಇದನ್ನು ಗಣಕದಲ್ಲಿ ಅನುಕರಿಸುವ ಸುಲಭೋಪಾಯವನ್ನು ತೋರಿಸಿದವರು ಜರ್ಮನಿಯಿಂದ ಬಂದ ಹರ್ಮನ್ ಡಾಮೆಲ್. ಒರೆಗಾನಿನ ಬಾನವಿಲ್ ಪವರ್ ಅಡ್ಮಿನಿಸ್ಟ್ರೇಷನ್ನಿನಲ್ಲಿ ಅವರು ಈ ಕಾರ್ಯಕ್ರಮವನ್ನು ಬೆಳೆಸಿ, 1969ರಲ್ಲಿ ವಿಧಾನವನ್ನು ಪ್ರಕಟಿಸಿದರು. ಕಾಲವನ್ನು ಪುಟ್ಟ ಹೆಜ್ಜೆಗಳಾಗಿ ಕತ್ತರಿಸಬೇಕು. ಒಂದೊಂದು ಹೆಜ್ಜೆಯಲ್ಲಿಯೂ ಸುರುಳಿಯನ್ನು ಒಂದು ಸಾಮಾನ್ಯ ರೋಧಕವೆಂದೂ ಹಿಂದಿನ ಹೆಜ್ಜೆಯ ನೆನಪನ್ನು ಹೊತ್ತ ಒಂದು ವಿದ್ಯುತ್ ಆಕರವೆಂದೂ ಭಾವಿಸಬೇಕು. ಆಗ ಕ್ಲಿಷ್ಟವಾದ ಕಲನಶಾಸ್ತ್ರವು ಶಾಲೆಯ ಹುಡುಗರು ಬಿಡಿಸುವ ಸಮೀಕರಣಗಳ ಮಟ್ಟಕ್ಕೆ ಇಳಿಯುತ್ತದೆ. ಹೆಜ್ಜೆಯ ಉದ್ದ 50 ಮೈಕ್ರೋಸೆಕೆಂಡ್ ಆದರೆ, ಇಲ್ಲಿನ 60 ಆವರ್ತಗಳ ವಿದ್ಯುತ್ತಿನ ಒಂದೇ ಒಂದು ಅಲೆಗೆ ಮುನ್ನೂರಕ್ಕೂ ಮಿಕ್ಕಿ ಹೆಜ್ಜೆಗಳು. ಇಡೀ ಪಶ್ಚಿಮ ಅಮೆರಿಕೆಯ ಜಾಲವನ್ನು ಹೀಗೆ ಲೆಕ್ಕ ಹಾಕಹೊರಟರೆ ಗಣಕವೂ ದಣಿಯುತ್ತದೆ.

ಆದುದರಿಂದ ಸೆಕೆಂಡುಗಳ ಅಳತೆಯಲ್ಲಿ ನಡೆಯುವ ಎರಡನೆಯ ಬಗೆಯ ವರ್ತನೆಗೆ ಬೇರೆ ಲೆಕ್ಕವನ್ನು ಇಟ್ಟುಕೊಂಡರು. ಕೆನಡದ ಬ್ರಿಟಿಷ್ ಕೊಲಂಬಿಯದಿಂದ ಮೆಕ್ಸಿಕೋದ ಬಾಹಾದವರೆಗೆ ಈ ಜಾಲದ ದೊಡ್ಡ ಜನರೇಟರುಗಳೆಲ್ಲ ಒಂದೇ ತಾಳಕ್ಕೆ ತಿರುಗುತ್ತವೆ. ನಮ್ಮ ಊರಿನ ತೇರನ್ನು ನೂರಾರು ಜನ ಎಳೆಯುವುದನ್ನು ಕಣ್ಣಮುಂದೆ ತಂದುಕೊಳ್ಳಿ. ಹಗ್ಗ ಮಾತ್ರ ರಬ್ಬರಿನದು ಎಂದುಕೊಳ್ಳಿ. ಮುಂದಿನ ಗುಂಪಿನ ಕೆಲವರು ಥಟ್ಟನೆ ಕೈಬಿಟ್ಟರೆ ಹಗ್ಗ ಜಗ್ಗಿ, ಎಲ್ಲರೂ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಾರೆ. ತೂಗಾಟವು ಕ್ರಮೇಣ ಇಳಿದರೆ ತೇರು ಸಾಗುತ್ತದೆ. ಬೆಳೆಯುತ್ತ ಹೋದರೆ ಹಗ್ಗ ಹರಿಯುತ್ತದೆ. ಇಳಿಯುವುದೋ ಬೆಳೆಯುವುದೋ ಎಂಬುದೇ ಇಲ್ಲಿನ ಪ್ರಶ್ನೆ.

1996ರ ಆ ದಿನ ಬಿಸಿಲು ಹೆಚ್ಚಾಗಿತ್ತು. ವಾಯವ್ಯದ ಜಲವಿದ್ಯುತ್ತು ಕ್ಯಾಲಿಫೋರ್ನಿಯಾದ ಕಡೆಗೆ ಭರದಿಂದ ಹರಿಯುತ್ತಿತ್ತು. ಗಡಿಯ ಮಾರ್ಗಗಳಲ್ಲಿ 4,300 ಮೆಗಾವಾಟಿಗೂ ಹೆಚ್ಚು. ಕಾದ ತಂತಿ ಜೋಲುತ್ತದೆ. 3 ಗಂಟೆ 42 ನಿಮಿಷಕ್ಕೆ ಒರೆಗಾನಿನ ಕೀಲರ್–ಆಲ್‌ಸ್ಟನ್ ಎಂಬ 500 ಕಿಲೋವೋಲ್ಟಿನ ಮಾರ್ಗ ಜೋತು ಮರವೊಂದರ ಸಮೀಪಕ್ಕೆ ಬಂದು ಕಡಿದುಹೋಯಿತು. ಅದರ ಹೊರೆ ಪಕ್ಕದ ಮಾರ್ಗಗಳ ಮೇಲೆ ಬಿತ್ತು. ಐದು ನಿಮಿಷದ ತರುವಾಯ ಇನ್ನೊಂದು ಮಾರ್ಗ ಹೋಯಿತು. ಕೊಲಂಬಿಯಾ ನದಿಯ ಮೆಕ್‌ನರಿ ಅಣೆಕಟ್ಟಿನ 13 ಜನರೇಟರುಗಳು ಒಂದರ ಹಿಂದೊಂದು ಕಳಚಿಕೊಂಡವು. ಆಗ ತೂಗಾಟ ಆರಂಭವಾಯಿತು. ಸುಮಾರು ನಾಲ್ಕು ಸೆಕೆಂಡಿಗೊಮ್ಮೆ ಉತ್ತರದ ಯಂತ್ರಗಳೂ ದಕ್ಷಿಣದ ಯಂತ್ರಗಳೂ ಒಂದನ್ನೊಂದು ಜಗ್ಗಿದವು. ಪ್ರತಿ ಬಾರಿಯೂ ಹಿಂದಿನದಕ್ಕಿಂತ ಹೆಚ್ಚು. ಒಂದು ನಿಮಿಷಕ್ಕೆ ತುಸು ಮಿಕ್ಕಿದ ಅವಧಿಯಲ್ಲಿ ಕ್ಯಾಲಿಫೋರ್ನಿಯಾ–ಒರೆಗಾನ್ ಸಂಪರ್ಕ ಹರಿದು, ಇಡೀ ಜಾಲ ನಾಲ್ಕು ದ್ವೀಪಗಳಾಗಿ ಒಡೆಯಿತು.

ತನಿಖೆ ನಡೆಸಿದ ಎಂಜಿನಿಯರುಗಳ ಕೈಯಲ್ಲಿ ಬಾನವಿಲ್ ಸಂಸ್ಥೆಯ ಉಪಕರಣಗಳು ಬರೆದಿಟ್ಟ ನಿಜವಾದ ದಾಖಲೆಯಿತ್ತು. ಅವರು ಜಾಲದ ಅಧಿಕೃತ ಮಾದರಿಯನ್ನು ಗಣಕಕ್ಕೆ ಊಡಿಸಿ, ಅದೇ ಘಟನೆಗಳನ್ನು ಅದೇ ಕ್ರಮದಲ್ಲಿ ನಡೆಸಿ ನೋಡಿದರು. ಗಣಕ ಹೇಳಿತು: ತೂಗಾಟ ಇಳಿಯುತ್ತದೆ, ಜಾಲ ಸುರಕ್ಷಿತವಾಗಿದೆ! ಒಂದೇ ಹಾಳೆಯ ಮೇಲೆ ಎರಡು ಗೆರೆಗಳು. ಒಂದು ಬೆಳೆಯುತ್ತ ಹೋಗುವುದು, ಇನ್ನೊಂದು ಸಾಧುವಾಗಿ ಸಮತಟ್ಟಾಗುವುದು. ನಮ್ಮ ವೃತ್ತಿಯ ಸಾಹಿತ್ಯದಲ್ಲಿ ಇಷ್ಟು ಅಸ್ವಸ್ಥಗೊಳಿಸುವ ಚಿತ್ರ ಇನ್ನೊಂದಿಲ್ಲವೆಂದೇ ನಮ್ಮ ಅಭಿಪ್ರಾಯ. ಏಕೆಂದರೆ ಎಷ್ಟು ಮೆಗಾವಾಟನ್ನು ಹರಿಯಬಿಡಬಹುದೆಂದು ನಿಷ್ಕರ್ಷಿಸುತ್ತಿದ್ದುದು ಆ ಬಗೆಯ ಮಾದರಿಗಳಿಂದಲೇ.

ಸಮೀಕರಣಗಳಲ್ಲಿ ದೋಷವಿರಲಿಲ್ಲ. ಅವುಗಳಿಗೆ ಕೊಟ್ಟ ವಿವರಗಳಲ್ಲಿತ್ತು. ಟರ್ಬೈನಿನ ವೇಗವನ್ನು ಕಾಯುವ ಗವರ್ನರುಗಳು ಎಲ್ಲೆಡೆಯೂ ಕೆಲಸ ಮಾಡುತ್ತವೆಂದು ಮಾದರಿ ನಂಬಿತ್ತು. ಅನೇಕ ದೊಡ್ಡ ಉಷ್ಣ ಸ್ಥಾವರಗಳಲ್ಲಿ ಅವು ವಾಸ್ತವದಲ್ಲಿ ಓಗೊಡುತ್ತಿರಲಿಲ್ಲ. ಒರೆಗಾನಿನಿಂದ ಲಾಸ್ ಏಂಜಲೀಸಿಗೆ ಹೋಗುವ ನೇರವಿದ್ಯುತ್ತಿನ ಮಾರ್ಗವನ್ನು ಇರುವುದಕ್ಕಿಂತ ಸರಳವಾಗಿ ಬರೆದಿದ್ದರು. ಗ್ರಾಹಕರ ಹೊರೆಯ ವಿಷಯವಂತೂ ಕೇಳಬೇಡಿ: ಬೇಸಗೆಯ ದಿನ ಮನೆಮನೆಯ ಏರ್‌ಕಂಡೀಷನರಿನ ಮೋಟಾರುಗಳು ತೂಗಾಟಕ್ಕೆ ಹೇಗೆ ಪ್ರತಿಕ್ರಿಯಿಸುತ್ತವೆ ಎಂಬುದಕ್ಕೆ ಮಾದರಿಯಲ್ಲಿ ತಕ್ಕ ಸ್ಥಾನವಿರಲಿಲ್ಲ. ಇವನ್ನು ತಿದ್ದಿದಾಗ ಎರಡು ಗೆರೆಗಳೂ ಹತ್ತಿರ ಬಂದವು. ಆ ಬಳಿಕ ಪಶ್ಚಿಮದ ಜಾಲದಲ್ಲಿ ಜನರೇಟರುಗಳನ್ನು ಸ್ಥಳದಲ್ಲಿಯೇ ಪರೀಕ್ಷಿಸಿ ಮಾದರಿಯ ಅಂಕಿಗಳನ್ನು ಸಿದ್ಧಪಡಿಸಬೇಕೆಂಬ ನಿಯಮ ಬಂದಿತು.

ಈ ಶಾಸ್ತ್ರಕ್ಕೆ ನಮ್ಮವರ ಕೊಡುಗೆಯೂ ಅಲ್ಪವಲ್ಲ. ಮಂಗಳೂರಿನ ಎಂ. ಎ. ಪೈ ಅವರು ಇಲ್ಲಿಯೇ ಬರ್ಕ್ಲಿಯಲ್ಲಿ 1961ರಲ್ಲಿ ಡಾಕ್ಟರೇಟ್ ಪಡೆದು, ಕಾನ್ಪುರದಲ್ಲಿಯೂ ಬಳಿಕ ಇಲಿನಾಯಿಯಲ್ಲಿಯೂ ಪಾಠ ಹೇಳಿದವರು. ಹೆಜ್ಜೆ ಹೆಜ್ಜೆಯ ಲೆಕ್ಕವಿಲ್ಲದೆ, ಜಾಲದಲ್ಲಿ ಶೇಖರಗೊಂಡ ಶಕ್ತಿಯನ್ನು ಅಳೆದೇ ಅದು ಉಳಿಯುವುದೋ ಬೀಳುವುದೋ ಎಂದು ತೀರ್ಮಾನಿಸುವ ವಿಧಾನದ ಮೇಲೆ ಅವರು ಗ್ರಂಥಗಳನ್ನೇ ಬರೆದಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಆರ್. ಪಡಿಯಾರ್ ಅವರ ಪಠ್ಯವನ್ನು ಓದದೆ ಈ ವಿಷಯವನ್ನು ಕಲಿತ ಭಾರತೀಯ ವಿದ್ಯಾರ್ಥಿಗಳು ವಿರಳ.

ತೂಗಾಟದ ಪ್ರಶ್ನೆ ಕರ್ನಾಟಕಕ್ಕೂ ಬಂದಿದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದಾಗ ಬೆಂಗಳೂರಿನ ದೀಪಗಳು ಉರಿಯುತ್ತಿದ್ದವು. ದಕ್ಷಿಣದ ಜಾಲವು ಆಗ ಉಳಿದ ಭಾರತದೊಡನೆ ತಾಳ ಕೂಡಿಸಿರಲಿಲ್ಲ. ತಾಲ್ಚೇರ್–ಕೋಲಾರದಂತಹ ನೇರವಿದ್ಯುತ್ತಿನ ಸಂಪರ್ಕಗಳಷ್ಟೇ ಇದ್ದವು, ಅವುಗಳ ಮೂಲಕ ತೂಗಾಟ ದಾಟುವುದಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರದ 765 ಕಿಲೋವೋಲ್ಟ್ ಮಾರ್ಗವು ಎರಡನ್ನೂ ಬೆಸೆಯಿತು. ಅಂದಿನಿಂದ ಶರಾವತಿಯ ಜನರೇಟರು ಭಾಕ್ರಾದ ಜನರೇಟರಿನೊಡನೆ ಹೆಜ್ಜೆ ಹಾಕುತ್ತಿದೆ. ಲಾಭವೂ ಹೆಚ್ಚಿತು, ಲೆಕ್ಕದ ಹೊಣೆಯೂ ಹೆಚ್ಚಿತು.

ಈಗ ಈ ಲೆಕ್ಕಕ್ಕೆ ಹೊಸದೊಂದು ತೊಡಕು ಸೇರಿದೆ. ಸೂರ್ಯಶಕ್ತಿಯ ಇನ್ವರ್ಟರಿನಲ್ಲಿ ತಿರುಗುವ ಚಕ್ರವಿಲ್ಲ. ಅಲೆಯನ್ನು ಅಳೆದು ತೀರ್ಮಾನಿಸುವ ತಂತ್ರಾಂಶವಿದೆ. 2016ರ ಆಗಸ್ಟ್ 16ರಂದು ದಕ್ಷಿಣ ಕ್ಯಾಲಿಫೋರ್ನಿಯಾದ ಬ್ಲೂ ಕಟ್ ಕಾಡುಗಿಚ್ಚಿನ ಹೊಗೆಯಿಂದ ಮಾರ್ಗವೊಂದರಲ್ಲಿ ಕ್ಷಣಕಾಲ ದೋಷವುಂಟಾಗಿ ಅಲೆಯ ಆಕಾರ ಕದಡಿತು. ಅನೇಕ ಇನ್ವರ್ಟರುಗಳು ಅದನ್ನೇ ಆವರ್ತಾಂಕವು 57ಕ್ಕಿಂತ ಕೆಳಗಿಳಿಯಿತೆಂದು ಓದಿ ಕಳಚಿಕೊಂಡವು. ಇತರ ಕಾರಣಗಳಿಂದ ನಿಂತವೂ ಸೇರಿ ಸುಮಾರು 1,200 ಮೆಗಾವಾಟ್ ಕಣ್ಮರೆಯಾಯಿತು. ನಿಜವಾದ ಆವರ್ತಾಂಕ 59.8ಕ್ಕೂ ಇಳಿದಿರಲಿಲ್ಲ. ಅಲೆಯ ಸರಾಸರಿಯನ್ನಷ್ಟೇ ನೋಡುವ ಸೆಕೆಂಡುಗಳ ಲೆಕ್ಕಕ್ಕೆ ಇಂತಹುದು ಕಾಣುವುದಿಲ್ಲ. ಹೀಗಾಗಿ ದೊಡ್ಡ ಜಾಲಗಳಿಗೂ ಡಾಮೆಲ್ಲರ ಪುಟ್ಟ ಹೆಜ್ಜೆಗಳೇ ಮತ್ತೆ ಬೇಕಾಗಿವೆ. ಆದರೆ ತಯಾರಕರು ತಮ್ಮ ತಂತ್ರಾಂಶವನ್ನು ಗುಟ್ಟಾಗಿಟ್ಟು, ಮುಚ್ಚಿದ ಪೆಟ್ಟಿಗೆಯಂತಹ ಮಾದರಿಯನ್ನು ಕೈಗಿಡುತ್ತಾರೆ. ಒಳಗಿನ ಅಂಕಿಗಳು ಸ್ಥಳದಲ್ಲಿರುವ ಯಂತ್ರದವೇ ಎಂದು ತಿಳಿಯುವ ಬಗೆ ಹೇಗೆ? ತುಮಕೂರು ಜಿಲ್ಲೆಯ ಪಾವಗಡದ 2,050 ಮೆಗಾವಾಟಿನ ಸೌರ ಉದ್ಯಾನಕ್ಕೂ ಈ ಪ್ರಶ್ನೆ ತಪ್ಪಿದ್ದಲ್ಲ.

ನಮ್ಮಲ್ಲಿ ಹಲವರ ಮನೆಯ ಮಾಡಿನ ಮೇಲೆ ಸೌರಫಲಕಗಳಿವೆ, ಗರಾಜಿನ ಗೋಡೆಯಲ್ಲಿ ಇನ್ವರ್ಟರಿದೆ. 2017ರ ಸೆಪ್ಟೆಂಬರಿನಿಂದೀಚೆಗೆ ಕ್ಯಾಲಿಫೋರ್ನಿಯಾದ ಖಾಸಗಿ ಕಂಪೆನಿಗಳ ಜಾಲಕ್ಕೆ ಹೊಸದಾಗಿ ಜೋಡಿಸುವ ಇನ್ವರ್ಟರುಗಳು ಸಣ್ಣಪುಟ್ಟ ಏರಿಳಿತಗಳಿಗೆ ಹೆದರಿ ಕಳಚಿಕೊಳ್ಳದೆ ತಡೆದು ನಿಲ್ಲಬೇಕೆಂಬ ನಿಯಮವಿದೆ. ಅದಕ್ಕೂ ಮುಂಚೆ ಹಾಕಿಸಿದವರು, ಹಳೆಯದನ್ನು ಬದಲಾಯಿಸುವ ಕಾಲ ಬಂದಾಗ ಈ ಮಾತನ್ನು ಕೇಳಿ ತಿಳಿದುಕೊಳ್ಳಬಹುದು. ಉಳಿದ ಪ್ರಶ್ನೆಗಳನ್ನು ಕಾಫಿಯ ವೇಳೆಯಲ್ಲಿ ಚರ್ಚಿಸೋಣ.