ಕಷ್ಟದ ಪಯಣಕ್ಕೆ ವಿಶ್ವಾಸದ ಬುತ್ತಿ

ದೂರ ಹೊರಟವರಿಗೆ ಬುತ್ತಿ ಕಟ್ಟಿ ಕೊಡುವುದು ನಮ್ಮ ಮನೆಗಳ ವಾಡಿಕೆ. ಆದರೆ ಕೈಯ ಬುತ್ತಿ ಎರಡು ಮೂರು ದಿನಗಳಲ್ಲಿ ತೀರಿಹೋಗುತ್ತದೆ. ಮನಸ್ಸಿಗೆ ಬೇಕಾದ ಬುತ್ತಿ ಯಾವುದು? ಈ ಪ್ರಶ್ನೆಗೆ ಕ್ರೈಸ್ತಧರ್ಮವು ಕೊಡುವ ಉತ್ತರವನ್ನು ನಾವು ಈ ದಿನ ಒಂದು ಕಡಲ ಪಯಣದಲ್ಲಿ ನೋಡೋಣ.

ಆ ವೃತ್ತಾಂತವು ಬೈಬಲಿನ 'ಅಪೊಸ್ತಲರ ಕೃತ್ಯಗಳು' ಎಂಬ ಭಾಗದ 27ನೆಯ ಅಧ್ಯಾಯದಲ್ಲಿದೆ. ಕಾಲ ಸುಮಾರು ಕ್ರಿ. ಶ. 60. ಯೇಸುಕ್ರಿಸ್ತನ ಸಂದೇಶವನ್ನು ಊರೂರಿಗೆ ಒಯ್ದ ಪೌಲನು ಸೆರೆಯಾಳಾಗಿ, ಚಕ್ರವರ್ತಿಯ ವಿಚಾರಣೆಗಾಗಿ ರೋಮಾಪುರಕ್ಕೆ ಹೊರಟಿದ್ದನು. ಆತನಿಗೆ ಕಡಲು ಹೊಸದಲ್ಲ. ಅದಕ್ಕೆ ಮೊದಲೇ ಮೂರು ಸಲ ತಾನಿದ್ದ ಹಡಗು ಒಡೆದುದನ್ನು ಕೊರಿಂಥದವರಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾನೆ. ಆದುದರಿಂದ ಕ್ರೇತ ದ್ವೀಪದಲ್ಲಿ ತಂಗಿದಾಗ, ಋತುವು ಮೀರಿತು, ಮುಂದೆ ಹೋದರೆ ಕೇಡೆಂದು ಎಚ್ಚರಿಸಿದನು. ಕಾವಲಿನ ಶತಾಧಿಪತಿಯು ಅದನ್ನು ಲಕ್ಷಿಸಲಿಲ್ಲ. ವಿಶ್ವಾಸವುಳ್ಳವನು ಅಪಾಯವನ್ನು ಕಾಣದ ಕುರುಡನಲ್ಲವೆಂಬುದನ್ನು ನಾವು ಇಲ್ಲಿಯೇ ಗಮನಿಸಬೇಕು.

ಬಿರುಗಾಳಿ ಎದ್ದಿತು. ಹಡಗಿಗೆ ಹಗ್ಗಗಳನ್ನು ಬಿಗಿದರು. ಸರಕನ್ನು ಕಡಲಿಗೆ ಎಸೆದರು. ಅನೇಕ ದಿನ ಸೂರ್ಯನೂ ಕಾಣಲಿಲ್ಲ, ನಕ್ಷತ್ರಗಳೂ ಕಾಣಲಿಲ್ಲ. ದಿಕ್ಸೂಚಿಯಿಲ್ಲದ ಆ ಕಾಲದಲ್ಲಿ ದಾರಿಯೇ ಅಳಿಸಿಹೋದಂತಾಯಿತು. ಜನರು ಬದುಕುವ ಆಶೆಯನ್ನು ತೊರೆದರು, ಅನ್ನವನ್ನೂ ಮುಟ್ಟಲಿಲ್ಲ. ಆಗ ಪೌಲನು ಅವರ ನಡುವೆ ನಿಂತು, ರಾತ್ರಿ ದೇವದೂತನು ತನಗೆ ಅಭಯವಿತ್ತನೆಂದೂ, ಹಡಗು ಹೋದರೂ ಒಂದು ಪ್ರಾಣವೂ ಹೋಗದೆಂದೂ ಹೇಳಿದನು.

ಅಭಯ ದೊರೆತ ಮೇಲೆ ಆತನು ಕೈಕಟ್ಟಿ ಕುಳಿತನೆ? ಇಲ್ಲ. ಹದಿನಾಲ್ಕನೆಯ ರಾತ್ರಿ ನಾವಿಕರು ನೀರಿನ ಆಳವನ್ನು ಅಳೆದಾಗ 20 ಮಾರು, ಸ್ವಲ್ಪ ಮುಂದೆ 15 ಮಾರು ಆಯಿತು. ಬಂಡೆಗಳಿಗೆ ಹೆದರಿ ನಾಲ್ಕು ಲಂಗರುಗಳನ್ನು ಇಳಿಸಿದರು. ನಾವಿಕರು ಚಿಕ್ಕ ದೋಣಿಯಲ್ಲಿ ಗುಟ್ಟಾಗಿ ಪಾರಾಗಲು ಹವಣಿಸಿದಾಗ, ಪೌಲನು ಶತಾಧಿಪತಿಗೆ ತಿಳಿಸಿ ಅದನ್ನು ತಡೆದನು. ಬೆಳಗಾಗುವ ಹೊತ್ತಿಗೆ ಎಲ್ಲರನ್ನೂ ಊಟಕ್ಕೆ ಒತ್ತಾಯಿಸಿ, ತಾನೇ ರೊಟ್ಟಿಯನ್ನು ತೆಗೆದುಕೊಂಡು, ದೇವರನ್ನು ಸ್ತುತಿಸಿ, ಮುರಿದು ತಿಂದನು. ಅದನ್ನು ಕಂಡು ಉಳಿದವರಿಗೂ ಧೈರ್ಯ ಬಂದಿತು, ಅವರೂ ಉಂಡರು. ಹಡಗಿನಲ್ಲಿದ್ದವರು 276 ಮಂದಿ. ಅದೇ ದಿನ ಹಡಗು ಒಡೆಯಿತು. ಕೆಲವರು ಈಜಿದರು, ಕೆಲವರು ಹಲಗೆಗಳನ್ನು ಹಿಡಿದರು. ಎಲ್ಲರೂ ಮೆಲೀತೆ ದ್ವೀಪವನ್ನು, ಎಂದರೆ ಇಂದಿನ ಮಾಲ್ಟಾವನ್ನು, ಸೇರಿದರು. ಅಲ್ಲಿ ಮಳೆ, ಚಳಿ. ದ್ವೀಪದ ಜನರು ಬೆಂಕಿ ಹೊತ್ತಿಸಿದಾಗ ಪೌಲನೂ ಸೌದೆ ಆಯ್ದು ತಂದನು.

ಗಾಳಿ ಇಳಿಯಲಿಲ್ಲ, ಹಡಗು ಉಳಿಯಲಿಲ್ಲ, ಸೆರೆಯೂ ತಪ್ಪಲಿಲ್ಲ. ಹಾಗಾದರೆ ವಿಶ್ವಾಸವು ಮಾಡಿದುದೇನು? ತನ್ನ ಪ್ರಾಣದ ಚಿಂತೆಯನ್ನು ದೇವರಿಗೆ ಒಪ್ಪಿಸಿದವನಿಗೆ ಪಕ್ಕದವನ ಹಸಿವು ಕಾಣುವಂತೆ ಮಾಡಿತು. ಕ್ರೈಸ್ತರು ಕ್ರಿಸ್ತನ ಸಾನ್ನಿಧ್ಯದಿಂದ ಬರುವುದೆಂದು ನಂಬುವ ಬಲವು ಇಂಥದು.

ನಮ್ಮ ನಾಡಿಗೂ ಇಂಥ ಪಯಣಗಳ ಋಣವಿದೆ. 1834ರಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಸೂಯೆಜ್ ಕಾಲುವೆಯು ತೆರೆದುದು 1869ರಲ್ಲಿ; ಆ ಮೊದಲು ಹಡಗುಗಳು ಆಫ್ರಿಕವನ್ನು ಬಳಸಿ ತಿಂಗಳುಗಟ್ಟಲೆ ಸಾಗಬೇಕಾಗಿತ್ತು. ಹೊರಟವನಿಗೆ ಮರಳುವ ನಿಶ್ಚಯವಿರಲಿಲ್ಲ. ಅವರ ಹಿಂದೆ ಬಂದವರು ನಮ್ಮ ನುಡಿಯನ್ನು ಕಲಿತು ಅದರ ಸೇವೆಮಾಡಿದರು. ಮೋಗ್ಲಿಂಗರು 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಪ್ರಕಟವಾಯಿತು.

ನಾವೆಲ್ಲರೂ ಕಡಲನ್ನು ದಾಟುವವರಲ್ಲ. ಆದರೆ ರೋಗಿಯೊಡನೆ ಆಸ್ಪತ್ರೆಗೆ ಹೋಗುವ ದಾರಿಯುಂಟು. ಅಗಲಿದವರ ಊರಿಗೆ ಹೋಗುವ ದಾರಿಯುಂಟು. ಅನ್ನಕ್ಕಾಗಿ ಪರದೇಶಕ್ಕೆ ಹೋಗುವ ದಾರಿಯುಂಟು. ಆ ದಾರಿಗಳಲ್ಲಿ ಪ್ರಾರ್ಥನೆಯಾದ ಮೇಲೆ ನಾವು ಮಾಡಬೇಕಾದುದನ್ನು ಪೌಲನು ತೋರಿಸಿಕೊಟ್ಟಿದ್ದಾನೆ: ಜೊತೆಯವರನ್ನು ಬಿಟ್ಟು ಓಡದಿರುವುದು, ಇದ್ದ ರೊಟ್ಟಿಯನ್ನು ಕೃತಜ್ಞತೆಯಿಂದ ಉಣ್ಣುವುದು, ದಡ ಸೇರಿದಾಗ ಒಂದು ಹೊರೆ ಸೌದೆ ತರುವುದು.